ಮುಳುಗಿದ ಹನ್ನೊಂದು ಹಡಗುಗಳು

"ನನ್ನ ಮೂಗನ್ನೇ ನೋಡಿ," ಎಂದಳು ಕನ್ನಡಕದ ಅಂಗಡಿಯವಳು.

ಅವನು ನೋಡಿದ. ಮೂಗಿನ ಪಕ್ಕದಲ್ಲಿ ಒಂದು ಪುಟ್ಟ ಮಚ್ಚೆ. ಅವಳು ಅವನ ಎರಡು ಕಣ್ಣುಗಳ ನಡುವಿನ ಅಂತರ ಅಳೆಯಲು ಸಣ್ಣ ಸ್ಕೇಲನ್ನು ಹುಬ್ಬಿನ ಕೆಳಗೆ ಹಿಡಿದಿದ್ದಳು. ಇಷ್ಟು ಹತ್ತಿರದಿಂದ ಅವನನ್ನು ಯಾರೂ ಅಳೆದಿರಲಿಲ್ಲ. ಮೇಜಿನ ಮೇಲೆ ಅವನು ತಂದ ಹೊಸ ಡೈವಿಂಗ್ ಮಾಸ್ಕ್ ಇತ್ತು, ಪವರ್ ಗ್ಲಾಸ್ ಹಾಕಿಸುವುದಕ್ಕೆ.

"ಎಲ್ಲೆಲ್ಲಿ ಡೈವ್ ಮಾಡಿದೀರಿ?"

ಹೇಳಬೇಕಾದ ಉತ್ತರ ಸುಲಭವಾಗಿತ್ತು. ಎಲ್ಲೂ ಇಲ್ಲ, ಈಜು ಕೂಡ ಅಷ್ಟಕ್ಕಷ್ಟೆ, ಇನ್ನು ಮೇಲೆ ಕಲಿಯಬೇಕು. ಅವನು ಟ್ರಾವೆಲ್ ಆಫೀಸಿನಲ್ಲಿ ಕೂತು, ಸಮುದ್ರದಡಿಯ ಹಡಗುಗಳನ್ನು ನೋಡಲು ಹೋಗುವವರಿಗೆ ಟೂರ್ ಮಾರುವವನು. ಯಾವ ದೇಶದ ಯಾವ ಹಡಗು ಎಷ್ಟು ಆಳದಲ್ಲಿದೆ ಎಂದು ಕೇಳಿದರೆ ಥಟ್ಟನೆ ಹೇಳುತ್ತಿದ್ದ. ಆಫೀಸಿನಲ್ಲಿ ಅವನಿಗೆ ಕ್ಯಾಪ್ಟನ್ ಎಂದೇ ಅಡ್ಡಹೆಸರು. ಆದರೆ ಆ ಮಚ್ಚೆ ಅಷ್ಟು ಹತ್ತಿರವಿದ್ದಾಗ ನಾಲಿಗೆ ಯಜಮಾನನನ್ನು ಕೇಳದೆ ಹೊರಟುಬಿಟ್ಟಿತು.

"ಹನ್ನೊಂದು ಹಡಗು ನೋಡಿದೀನಿ."

"ಹನ್ನೊಂದಾ?" ಸ್ಕೇಲು ಚೂರು ಅಲುಗಿತು. "ಹಾಗಾದ್ರೆ ಒಂದೊಂದಾಗಿ ಹೇಳ್ಬೇಕು ನೀವು. ನಮ್ಮಣ್ಣ ಕೇಳಿದ್ರೆ ಕುಣಿದುಬಿಡ್ತಾನೆ. ಈ ಊರಲ್ಲಿ ಡೈವಿಂಗ್ ಕಲಿಸೋನು ಅವನೊಬ್ಬನೇ."

ಮುಂದಿನ ವಾರದಿಂದ ಕಲಿಯಲು ಅವನು ಹೆಸರು ಕೊಡಬೇಕೆಂದಿದ್ದುದು ಆ ಅಣ್ಣನ ಬಳಿಯೇ. ಹನ್ನೊಂದು ಹಡಗು ನೋಡಿದ ಮಹಾನುಭಾವ ಇನ್ನು ಯಾವ ಮುಖ ಹೊತ್ತುಕೊಂಡು ಹೋಗಿ ನೀರಲ್ಲಿ ಉಸಿರಾಡೋದು ಹೇಗೆ ಎಂದು ಕೇಳುವುದು?

ಮಾಸ್ಕ್ ತಯಾರಾದ ದಿನ ಅವಳು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. "ಗಾಜು ಹೊಸದು. ಮೊದಲ ಸಲ ಇಳಿಯೋ ಮುಂಚೆ ಏನು ಮಾಡ್ಬೇಕು, ಗೊತ್ತಲ್ಲ?"

"ಗೊತ್ತಿಲ್ದೆ ಏನು? ಮೆತ್ತಗಿರೋ ಬಟ್ಟೇಲಿ ಒರೆಸ್ಬೇಕು."

ಅವಳು ತುಟಿಯನ್ನು ಒಳಗೆ ಕಚ್ಚಿಕೊಂಡು ತಲೆಯಾಡಿಸಿದಳು. ಬಿಲ್ಲಿನ ಜೊತೆ ಒಂದು ಮೆತ್ತನೆಯ ಬಟ್ಟೆಯನ್ನೂ ಕೊಟ್ಟಳು.

ಆಮೇಲೆ ಅವನ ದಿನನಿತ್ಯದ ಕನ್ನಡಕಕ್ಕೆ ಇಲ್ಲದ ರೋಗಗಳೆಲ್ಲ ಬಂದವು. ಇವತ್ತು ಸ್ಕ್ರೂ ಸಡಿಲ, ನಾಳೆ ಕಿವಿಯ ಹಿಂದೆ ಒತ್ತುತ್ತದೆ, ನಾಡಿದ್ದು ಮೂಗಿನ ಮೇಲೆ ನಿಲ್ಲುವುದಿಲ್ಲ. ಅವಳು ಪುಟ್ಟ ಸ್ಕ್ರೂಡ್ರೈವರ್ ಹಿಡಿದು, ಏನೂ ಕೆಡದ ಕನ್ನಡಕವನ್ನು ಗಂಭೀರವಾಗಿ ರಿಪೇರಿ ಮಾಡುತ್ತ, "ಇವತ್ತು ಯಾವ ಹಡಗು?" ಎನ್ನುವಳು.

ಅವನು ಹೇಳುವನು. ಕೆಂಪು ಸಮುದ್ರದಲ್ಲಿ ಥಿಸಲ್‌ಗಾರ್ಮ್ ಅಂತ ಯುದ್ಧಕಾಲದ ಹಡಗು. ಅದರ ಹೊಟ್ಟೆಯಲ್ಲಿ ಇವತ್ತಿಗೂ ಮೋಟಾರ್‌ಸೈಕಲ್ಲುಗಳು ಸಾಲಾಗಿ ನಿಂತಿವೆ. ಸೀಟಿದ್ದ ಜಾಗದಲ್ಲಿ ಮೀನು ಕೂತಿರುತ್ತದೆ. ಸೈಪ್ರಸ್ಸಿನ ಜೆನೋಬಿಯಾ ಮೊದಲ ಪ್ರಯಾಣದಲ್ಲೇ ನೂರಕ್ಕೂ ಹೆಚ್ಚು ಲಾರಿಗಳ ಸಮೇತ ಮುಳುಗಿದ್ದು. ಕೆರಿಬಿಯನ್ನಿನ ರೋನ್ ಹಡಗಿನಲ್ಲಿ ಒಂದು ಹಿತ್ತಾಳೆಯ ಕಿಟಕಿ ಇದೆ, ಅದೃಷ್ಟ ಬರುತ್ತದೆಂದು ಹೋದವರೆಲ್ಲ ಉಜ್ಜಿ ಉಜ್ಜಿ ಅದು ಇನ್ನೂ ಫಳಫಳ ಹೊಳೆಯುತ್ತದೆ.

ಅವಳು ಗಲ್ಲಕ್ಕೆ ಕೈಯಾನಿಸಿ, ಎಡಗಿವಿಯನ್ನು ಅವನ ಕಡೆ ತಿರುಗಿಸಿ ಕೇಳುವಳು. ಅವಳು ಕಣ್ಣು ಮಿಟುಕಿಸದೆ ಕೇಳುವಾಗ ತಾನು ಸುಳ್ಳು ಹೇಳುತ್ತಿದ್ದೇನೆಂಬುದು ಅವನಿಗೇ ಮರೆತುಹೋಗುತ್ತಿತ್ತು. ಅಂಗಡಿಯ ಮೆಟ್ಟಿಲಿಳಿದ ಕೂಡಲೇ ನೆನಪಾಗಿ ಕಿವಿ ಬಿಸಿಯಾಗುತ್ತಿತ್ತು. ಥೂ ನಿನ್ನ ಜನ್ಮಕ್ಕಿಷ್ಟು ಎಂದು ತನ್ನನ್ನೇ ಬೈದುಕೊಂಡು, ನಾಳೆ ಹೇಳಿಬಿಡಬೇಕು ಎಂದುಕೊಳ್ಳುವನು. ನಾಳೆ ಬಂದರೆ ಬಾಯಲ್ಲಿ ಇನ್ನೊಂದು ಹಡಗು.

ಒಂದು ಸಂಜೆ ವನುವಾಟುವಿನ ಕೂಲಿಜ್ ಹಡಗಿನ ಸರದಿ ಬಂತು. "ಅದರೊಳಗೆ ಗೋಡೆ ಮೇಲೆ ಒಬ್ಬಳು ಹೆಂಗಸಿನ ಪಿಂಗಾಣಿ ಚಿತ್ರ ಇದೆ. ಕೆಲವರು ಬಾಯಿಂದ ಗಾಳಿ ಕೊಳವೆ ತೆಗೆದು ಅವಳಿಗೆ ಮುತ್ತು ಕೊಟ್ಟು ಬರ್ತಾರೆ."

"ನೀವು ಕೊಟ್ರಾ?"

"ಇಲ್ಲಪ್ಪ."

"ಅಷ್ಟು ದೂರ ಹೋಗಿ?" ಅವಳು ಕನ್ನಡಕವನ್ನು ತಾನೇ ಅವನ ಕಿವಿಗೇರಿಸಿದಳು. ಬೆರಳುಗಳು ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚೇ ನಿಂತವು. "ಪಾಪ, ಕಾಯ್ತಿದ್ಲೇನೋ."

ಅವನಿಗೆ ಆ ರಾತ್ರಿ ಊಟ ಸೇರಲಿಲ್ಲ. ಸುಳ್ಳು ಹೇಳುವಷ್ಟು ಧೈರ್ಯವಿದ್ದವನಿಗೆ ಪ್ರೀತಿಯ ಮಾತಾಡುವ ಧೈರ್ಯವಿರಲಿಲ್ಲ. ಹೇಳಿದರೂ ಅವಳು ಒಪ್ಪುವುದು ಯಾರನ್ನು? ಇವನನ್ನಲ್ಲ, ಆ ಹನ್ನೊಂದು ಹಡಗಿನವನನ್ನು.

ಕೊನೆಗೆ ಮಾತೆತ್ತಿದವಳು ಅವಳೇ. "ಮನೇಲಿ ನಿಮ್ಮ ವಿಷಯ ಹೇಳಿದೀನಿ," ಎಂದಳು, ಸ್ಕ್ರೂಡ್ರೈವರನ್ನೇ ನೋಡುತ್ತ. "ಭಾನುವಾರ ಅಣ್ಣನ ದೋಣಿ ಹೋಗುತ್ತೆ. ಇಲ್ಲೇ ಒಂದು ಚಿಕ್ಕ ಹಡಗು ಮುಳುಗಿದೆಯಲ್ಲ, ಅಲ್ಲಿಗೆ. ಅಮ್ಮನೂ ಬರ್ತಾರೆ. ನಿಮ್ಮನ್ನ ನೋಡ್ಬೇಕಂತೆ." ಆಮೇಲೆ ತಲೆಯೆತ್ತಿ ಕೇಳಿದಳು: "ಬರೋ ಮುಂಚೆ ನನಗೇನಾದ್ರೂ ಹೇಳೋದಿದೆಯಾ?"

ನಿಜ ಹೇಳಿಬಿಡಲು ಬಾಗಿಲು ಅಷ್ಟು ಅಗಲವಾಗಿ ತೆರೆದಿತ್ತು. ಅವನು, "ಏನೂ ಇಲ್ವಲ್ಲ," ಎಂದ.

ಭಾನುವಾರ ಮಾಸ್ಕ್ ಹಿಡಿದು ದೋಣಿಯಲ್ಲಿ ಕೂತವನನ್ನು ಅಮ್ಮ ತೃಪ್ತಿಯಿಂದ ನೋಡುತ್ತಿದ್ದರು. ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಗಿರಾಕಿಗಳಾಗಿ ಬಂದಿದ್ದರು. ಇಬ್ಬರಿಗೂ ಸಮುದ್ರದಲ್ಲಿ ಅದು ಮೊದಲ ಡೈವ್. ಏನಾದರೂ ನೆವ ಹೇಳಿ ನೀರಿಗಿಳಿಯದೆ ತಪ್ಪಿಸಿಕೊಳ್ಳಬೇಕು ಎಂಬುದು ಅವನ ಲೆಕ್ಕ. ನೆಗಡಿ ಎನ್ನುವುದೋ, ಸೊಂಟನೋವು ಎನ್ನುವುದೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದ.

ಅಣ್ಣ ಬಂದು ಹೆಗಲ ಮೇಲೆ ಕೈ ಹಾಕಿದ. "ನೀವಿರೋದು ಒಳ್ಳೇದಾಯ್ತು. ಗಂಡನಿಗೆ ನಾನು ಜೊತೆ, ಹೆಂಡತಿಗೆ ನೀವು ಜೊತೆ. ಅವರಿಗೆ ಸ್ವಲ್ಪ ಭಯ, ಪಕ್ಕದಲ್ಲೇ ಇರಿ." ದನಿ ತಗ್ಗಿಸಿದ. "ಡೈವಿಂಗ್ ಕಲಿತಿದಾರೆ ಅನ್ನೋ ಕಾರ್ಡ್ ಕೇಳೋದು ರೂಲು. ಆದ್ರೆ ಮನೆಯವರ ಹತ್ರ ಯಾರಾದ್ರೂ ಕೇಳ್ತಾರಾ?"

ಆ ಹೊಸ ಮದುವಣಗಿತ್ತಿ ಇವನನ್ನು ನೋಡಿ ನಂಬಿಕೆಯಿಂದ ನಕ್ಕಳು. ಕೈಯಲ್ಲಿ ಇನ್ನೂ ಹೊಸ ಬಳೆಗಳಿದ್ದವು.

ನೆಗಡಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಾಗೆಂದಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಮುಂದಿನ ಭಾನುವಾರವೂ ಇವರು ಹೀಗೇ ನಂಬುತ್ತಾರೆ, ಹೀಗೇ ಇನ್ನೊಬ್ಬರ ಜೀವವನ್ನು ತನ್ನ ಕೈಯಲ್ಲಿಡುತ್ತಾರೆ ಎಂದು ಅವನಿಗೆ ಹೊಳೆಯಿತು.

"ನಾನು ಒಂದು ಸಲಾನೂ ನೀರೊಳಗೆ ಇಳಿದಿಲ್ಲ," ಎಂದ. ದನಿ ಅವನದೇ ಅನ್ನಿಸಲಿಲ್ಲ. "ಒಂದು ಹಡಗನ್ನೂ ನೋಡಿಲ್ಲ. ಎಲ್ಲ ಓದಿದ್ದು. ಸುಳ್ಳು ಹೇಳ್ದೆ."

ಅಣ್ಣ ಹೆಗಲಿನಿಂದ ಕೈ ತೆಗೆದ. "ಕೆಳಗೆ ಆ ಹೆಣ್ಣುಮಗಳಿಗೆ ಏನಾದ್ರೂ ಆಗಿದ್ರೆ, ನಿಮ್ಮ ಹನ್ನೊಂದು ಹಡಗು ಬಂದು ಎತ್ತುತ್ತಿತ್ತಾ?"

ಅಮ್ಮ ಮುಖ ಆ ಕಡೆ ತಿರುಗಿಸಿದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅಣ್ಣ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿ ಗಂಡನ ಜೊತೆ ನೀರಿಗಿಳಿದ. ಇವನು ಇಂಗು ತಿಂದ ಮಂಗನಂತೆ ದೋಣಿಯ ಹಿಂದಿನ ಮೂಲೆಗೆ ಹೋಗಿ ಕೂತ. ಭೂಮಿ ಬಾಯಿಬಿಡಬಾರದೇ ಎನ್ನೋಣವೆಂದರೆ ಕೆಳಗೆ ಭೂಮಿಯೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳು ಬಂದು ಪಕ್ಕದಲ್ಲಿ ಕೂತಳು. ಕೈಚೀಲದಿಂದ ಒಂದು ಟೂತ್‌ಪೇಸ್ಟ್ ತೆಗೆದು ಅವನ ಮುಂದೆ ಹಿಡಿದಳು.

"ಹೊಸ ಮಾಸ್ಕಿನ ಗಾಜಿಗೆ ಫ್ಯಾಕ್ಟರಿಯ ಜಿಡ್ಡು ಇರುತ್ತೆ. ಪೇಸ್ಟ್ ಹಾಕಿ ಉಜ್ಜದಿದ್ರೆ ನೀರೊಳಗೆ ಮಂಜು ಕಟ್ಟಿ ಏನೂ ಕಾಣಲ್ಲ. ಡೈವ್ ಮಾಡೋರಿಗೆ ಇದು ಮೊದಲ ಪಾಠ." ಅವಳ ದನಿ ಸಣ್ಣದಾಯಿತು. "ನೀವು ಬಟ್ಟೇಲಿ ಒರೆಸ್ಬೇಕು ಅಂದ ದಿನವೇ ನಂಗೊತ್ತಾಯ್ತು."

ಅವನು ಮುಖ ಮುಚ್ಚಿಕೊಂಡ. ಅಂದರೆ ಮೋಟಾರ್‌ಸೈಕಲ್, ಲಾರಿ, ಹಿತ್ತಾಳೆಯ ಕಿಟಕಿ, ಎಲ್ಲವನ್ನೂ ಅವಳು ಗೊತ್ತಿದ್ದೇ ಕೇಳಿದ್ದಳು. "ಮತ್ತೆ ಯಾಕೆ ಸುಮ್ಮನಿದ್ರಿ?"

"ನಂಗೂ ನಾಚಿಕೆ ಆಗ್ತಿದೆ, ಕೇಳ್ಬೇಡಿ." ಆದರೂ ಹೇಳಿದಳು. "ಚಿಕ್ಕಂದಿನಲ್ಲೇ ಈ ಬಲಗಿವಿ ತಮಟೆ ತೂತಾಗಿದೆ. ಡಾಕ್ಟರು ನೀರೊಳಗೆ ಇಳೀಲೇಬೇಡ ಅಂದಿದಾರೆ. ಮನೇಲಿ ಅಣ್ಣ, ಅವನ ಸ್ನೇಹಿತರು ಸಮುದ್ರದ ಮಾತಾಡ್ತಿರ್ತಾರೆ, ನಾನು ಬಂದ ತಕ್ಷಣ ಪಾಪ ಅಂತ ಮಾತು ಬದಲಾಯಿಸ್ತಾರೆ. ನೀವೊಬ್ರೇ ಪೂರ್ತಿ ಹೇಳಿದ್ದು. ಸುಳ್ಳಾದ್ರೂ ಪೂರ್ತಿ ಹೇಳಿದ್ರಿ. ಆಸೆಗೆ ಕೇಳ್ತಾ ಕೂತೆ, ನಿಲ್ಲಿಸಿದ್ರೆ ನೀವು ಬರೋದೇ ನಿಲ್ಲುತ್ತೇನೋ ಅಂತ." ಪೇಸ್ಟಿನ ಮುಚ್ಚಳ ತಿರುಗಿಸುತ್ತ ಸೇರಿಸಿದಳು: "ಇವತ್ತು ನೀವು ಹೇಳದಿದ್ರೆ ಅಣ್ಣನಿಗೆ ನಾನೇ ಹೇಳ್ತಿದ್ದೆ. ಆಮೇಲೆ ನಿಮ್ಮ ಮುಖ ನೋಡ್ತಿರಲಿಲ್ಲ."

"ಆ ಪಿಂಗಾಣಿ ಹೆಂಗಸಿಗೆ ಮುತ್ತು ಕೊಟ್ಟಿಲ್ಲ ಅಂದೆನಲ್ಲ," ಎಂದ ಅವನು, ತಲೆ ತಗ್ಗಿಸಿ, "ಅದೊಂದೇ ನಿಜ."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. "ಉಜ್ಜಿ ಮೊದಲು," ಎಂದು ಪೇಸ್ಟನ್ನು ಅವನ ಕೈಗೆ ತುರುಕಿದಳು.

ಅವನು ಉಜ್ಜಿದ. ಅಣ್ಣ ಮೇಲೆ ಬಂದು, ನೀರು ಕೊಡವುತ್ತ, ಬೆರಳಿಗೆಲ್ಲ ಪೇಸ್ಟ್ ಮೆತ್ತಿಕೊಂಡು ಕೂತಿದ್ದವನನ್ನು ಸುಮಾರು ಹೊತ್ತು ನೋಡಿದ. "ನಾಳೆ ಬೆಳಿಗ್ಗೆ ಈಜುಕೊಳಕ್ಕೆ ಬನ್ನಿ. ಮಕ್ಕಳ ಬ್ಯಾಚಿಗೆ," ಎಂದ.

ಅವನು ಹೋದ. ಎಂಟು ವರ್ಷದವರ ಜೊತೆ ಗುಳ್ಳೆ ಬಿಡುವುದನ್ನು ಕಲಿತ. ಅಂಗಡಿಯ ಕಡೆ ಮಾತ್ರ ತಲೆ ಹಾಕಲಿಲ್ಲ. ಹೇಳಲು ಏನಾದರೂ ಇರಬೇಕಲ್ಲ.

ತಿಂಗಳುಗಳಾದ ಮೇಲೆ ಒಂದು ಮಧ್ಯಾಹ್ನ ಬಂದ. ಕೂದಲು ಇನ್ನೂ ಒದ್ದೆಯಾಗಿತ್ತು, ಮುಖದ ಮೇಲೆ ಮಾಸ್ಕಿನ ಗೆರೆ ಮೂಡಿತ್ತು. ಅವಳು ಗಿರಾಕಿಯನ್ನು ಕಳಿಸಿ, ಗಲ್ಲಕ್ಕೆ ಕೈಯಾನಿಸಿ, ಎಡಗಿವಿಯನ್ನು ತಿರುಗಿಸಿದಳು.

"ಇಲ್ಲೇ ಇರೋದಕ್ಕೆ ಹೋಗಿದ್ದೆ," ಎಂದ. "ಚಿಕ್ಕ ಹಡಗು. ಅರ್ಧ ಮರಳಲ್ಲಿ ಹೂತಿದೆ. ನೀರು ಕಲಕಿತ್ತು. ಒಂದು ಏಣಿ ಕಾಣಿಸ್ತು, ಒಂದು ಏಡಿ. ಭಯಕ್ಕೆ ಸುಮಾರು ಹೊತ್ತು ನಿಮ್ಮಣ್ಣನ ಕೈ ಹಿಡ್ಕೊಂಡಿದ್ದೆ."

"ಮೋಟಾರ್‌ಸೈಕಲ್?"

"ಇಲ್ಲ."

"ಹೊಳೆಯೋ ಕಿಟಕಿ?"

"ಇಲ್ಲ."

"ನಿಮ್ಮ ಬೆಸ್ಟ್ ಹಡಗುಗಳಲ್ಲಿ ಇದಕ್ಕೆ ಎಷ್ಟನೇ ಜಾಗ?"

ಅವನು ಯೋಚಿಸಿದ. "ನೂರರೊಳಗೂ ಬರಲ್ಲ," ಎಂದ. ಹೇಳುವಾಗ ಕಿವಿ ಬಿಸಿಯಾಗಲಿಲ್ಲ.

ಅವಳು ಅವನ ಮುಖದ ಮೇಲಿನ ಮಾಸ್ಕಿನ ಗೆರೆಯನ್ನು ಬೆರಳಿನಿಂದ ನಿಧಾನಕ್ಕೆ ಸವರಿದಳು. "ಅಮ್ಮ ಇನ್ನೂ ಕೋಪದಲ್ಲಿದಾರೆ. ಮನೇಲಿ ಏನಂತ ಹೇಳ್ಲಿ?"

"ಒಂದು ಹಡಗು ನೋಡಿದಾನೆ ಅಂತ ಹೇಳಿ," ಎಂದ ಅವನು. "ಹನ್ನೊಂದಲ್ಲ, ಒಂದು."