ಎರಡೇ ಹಾಡು ಕೇಳಿದವಳು

"ಇದು ಆಲ್ಬಮ್ ಅಲ್ಲ, ನಿದ್ದೆ ಮಾತ್ರೆ."

ಆಗಷ್ಟೇ ಅಚ್ಚಾಗಿ ಬಂದ ವಾರಪತ್ರಿಕೆಯಿಂದ ಅವಳು ತನ್ನ ವಿಮರ್ಶೆಯನ್ನು ಗಟ್ಟಿಯಾಗಿ ಓದಿದಾಗ ಕಚೇರಿಯವರೆಲ್ಲ ಬಿದ್ದು ಬಿದ್ದು ನಕ್ಕರು. ನಗದೆ ಉಳಿದವನು ಒಬ್ಬನೇ... ಕಿಟಕಿ ರಿಪೇರಿಗೆ ಬಂದಿದ್ದ ಬಡಗಿ.

ಅವನು ಉಳಿ ಕೆಳಗಿಟ್ಟು ಮೆಲ್ಲಗೆ ಕೇಳಿದ. "ಎಷ್ಟು ಹಾಡು ಕೇಳಿದ್ರಿ, ಮೇಡಂ?"

"ನಿಮಗ್ಯಾಕೆ?"

"ಹಾಡಿದ್ದು ನಾನೇ."

ಒಂಬತ್ತು ಹಾಡುಗಳಲ್ಲಿ ಅವಳು ಕೇಳಿದ್ದು ಎರಡು, ಅದೂ ಬಸ್ಸಿನಲ್ಲಿ, ಅರೆಗಿವಿಯಿಂದ. ತಲೆ ತಗ್ಗಿಸಿ ಅದನ್ನೇ ಹೇಳಿದಳು. ಅವನು ಕೊಕ್ಕೆ ಬಿಗಿದು, ಬರ್ತೀನಿ ಎಂದು ಹೊರಟ.

ಬೈದಿದ್ದರೇ ಚೆನ್ನಾಗಿತ್ತು...

ಸಂಜೆ ಮನೆಯಲ್ಲಿ ಪೂರ್ತಿ ಕೇಳಲು ಕೂತಳು. ಒಂದು ಗಿಟಾರ್, ಒಂದು ದನಿ, ಅಷ್ಟೇ. ಸಾಲುಗಳ ನಡುವೆ ಅವನು ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು. ಯಾರನ್ನೂ ಮೆಚ್ಚಿಸುವ ಆತುರವಿಲ್ಲದೆ, ಪಕ್ಕದಲ್ಲೇ ಕೂತು ಹೇಳುವಂಥ ಹಾಡುಗಳು. ತೀರಿಕೊಂಡವನ ಅಂಗಿಯನ್ನು ಯಾರಿಗೂ ಕೊಡಲಾರದೆ ಮತ್ತೆ ಮತ್ತೆ ಒಗೆದಿಡುವವಳ ಹಾಡು ಬಂದಾಗ, ಬಟ್ಟೆ ಮಡಚುತ್ತಿದ್ದ ಅಕ್ಕನ ಕೈ ನಿಂತಿತು. ಭಾವ ಹೋಗಿ ಎರಡು ವರ್ಷವಾದರೂ ಒಂದು ಹನಿ ಕಣ್ಣೀರು ಹಾಕದಿದ್ದ ಅಕ್ಕ, ಅಂದು ಬಿಕ್ಕಿ ಬಿಕ್ಕಿ ಅತ್ತಳು.

"ಇದನ್ನೇನೇ ನೀನು ಆಡಿಕೊಂಡಿದ್ದು?"

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಅವಳಿಗೆ.

ಮರುವಾರದ ಅಂಕಣಕ್ಕೆ ಬರೆದಳು: ಎರಡೇ ಹಾಡು ಕೇಳಿ ಒಂಬತ್ತನ್ನೂ ಹಳಿದೆ, ತಪ್ಪು ನನ್ನದು. ಪತ್ರಿಕೆಯ ಮಾನ ಹೋಗುತ್ತದೆಂದು ಸಂಪಾದಕರು ಕೂಗಾಡಿದರು. ಇದು ಅಚ್ಚಾದರೆ ಅಂಕಣ ಇನ್ನು ನಿನ್ನದಲ್ಲ ಎಂದರು. ಹಾಕಿ ಸರ್, ಎಂದಳು.

ಅಚ್ಚಾಯಿತು. ಅಂಕಣವೂ ಹೋಯಿತು. ಅವನಿಂದ ಮಾತ್ರ ಸುದ್ದಿಯಿಲ್ಲ. ದಿನವೂ ಆ ದನಿ ಕೇಳುತ್ತಾ ಕೇಳುತ್ತಾ, ತಾನು ಕಾಯುತ್ತಿರುವುದು ಬರೀ ಕ್ಷಮೆಗಲ್ಲ ಎಂದು ಹೊಳೆದಾಗ ಅವಳಿಗೆ ಇನ್ನಷ್ಟು ನಾಚಿಕೆಯಾಯಿತು. ಯಾವ ಮುಖ ಹೊತ್ತು ಹೋಗಲಿ?

ಹತ್ತನೆಯ ದಿನ ವಿಳಾಸ ಹುಡುಕಿಕೊಂಡು ಅವನ ಶೆಡ್ಡಿಗೆ ಹೋದಳು. ಬಾಗಿಲೊಂದನ್ನು ನಯ ಮಾಡುತ್ತಿದ್ದವನು ಅವಳನ್ನು ಕಂಡು ಎದ್ದು ನಿಂತ.

"ಓದಿದೆ," ಎಂದ. "ಈ ವಾರ ನಿಮ್ಮ ಅಂಕಣವೇ ಇರ್ಲಿಲ್ಲ. ನನ್ನಿಂದ ಹೋಯ್ತಲ್ಲ... ಮುಖ ತೋರಿಸೋಕೆ ನಾಚಿಕೆಯಾಯ್ತು."

"ನಿಮಗಾ?"

ಇಬ್ಬರೂ ನೆಲ ನೋಡಿದರು.

"ಮತ್ತೆ ಕ್ಷಮೆ ಕೇಳೋಕೆ ಬಂದ್ರಾ?"

"ಅದನ್ನ ಊರಿಗೆಲ್ಲ ಗೊತ್ತಾಗೋ ಹಾಗೆ ಕೇಳಿ ಆಯ್ತು." ಅವಳು ತಲೆಯೆತ್ತಿದಳು. "ಈಗ... ನಿಮ್ಮನ್ನ ನೋಡೋಕೆ ಬಂದೆ."

ಅವನು ಸ್ಟೂಲಿನ ಮೇಲಿನ ಮರದ ಹೊಟ್ಟನ್ನು ತೋಳಿನಿಂದ ಒರೆಸಿ ಅವಳ ಕಡೆ ಸರಿಸಿದ.

"ಹಾಗಾದ್ರೆ ಕೂತ್ಕೊಳ್ಳಿ. ಬೇಗ ಹೋಗ್ಬೇಡಿ."