ಬರೀ ಫ್ರೇಮ್ ಸಾಕು!

ಇಳಿಜಾರು ರಸ್ತೆ. ಮುಂದಿನ ಬ್ರೇಕ್ ಇಲ್ಲ.

ಇಲ್ಲ ಅಂದರೆ ಕೆಟ್ಟಿದೆ ಅಂತಲ್ಲ… ಇನ್ನೂ ಹಾಕೇ ಇರಲಿಲ್ಲ!

ಸೀಟೂ ಇಲ್ಲ. ಮಡಿಚಿ ಕಟ್ಟಿದ ಗೋಣಿಚೀಲದ ಮೇಲೆ ಕೂತಿದ್ದೆ. ಚೀಲ ಹಿಂದಕ್ಕೆ ಜಾರುತ್ತಿತ್ತು. ಅದರ ಜೊತೆ ನಾನೂ!

ಹಿಂದೆ ಬಿಳಿ ವ್ಯಾನ್. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಒಬ್ಬ ಕಿರುಚುತ್ತಿದ್ದ.

“ಏಯ್, ನಿಲ್ಸು! ನಿಲ್ಸು ಅಂದ್ರೆ ನಿಲ್ಸು!”

ನಿಲ್ಲಿಸೋದು ಹೇಗೆ ಅಂತ ನನಗೆ ಗೊತ್ತಿದ್ದರೆ ತಾನೆ!

ಅವನನ್ನ ಎಲ್ಲರೂ ಗೂಳಿ ಅಂತಾರೆ. ಕತ್ತೇ ಇಲ್ಲದ ಆಸಾಮಿ. ತಲೆ ನೇರವಾಗಿ ಭುಜಕ್ಕೇ ಫಿಟ್ ಆಗಿದೆ. ಕೈಯಲ್ಲಿ ಕಬ್ಬಿಣ ಉಜ್ಜೋ ಗ್ರೈಂಡರ್. ಅವನಿಗೆ ಬೇಕಾಗಿದ್ದು ನಾನಲ್ಲ, ನಾನು ಕೂತಿದ್ದ ಗಾಡಿ. ನನಗಿಂತ ವಯಸ್ಸಾದ, ನನ್ನಷ್ಟೇ ಹಟಮಾರಿಯಾದ ಒಂದು ಮೋಟಾರ್ ಸೈಕಲ್.

ತಾಳಿ, ಮೊದಲಿಂದ ಹೇಳ್ತೀನಿ. ಇಳಿಜಾರು ಉದ್ದ ಇದೆ… ಟೈಮ್ ಇದೆ.

ನನ್ನ ಕೆಲಸ ಕಳುವಾದ ಗಾಡಿ ಹುಡುಕೋದು. ಕಾರು, ಬೈಕು, ಲಾರಿ… ಇನ್ಶೂರೆನ್ಸ್ ಕಂಪನಿಯವರು ಫೋನ್ ಮಾಡ್ತಾರೆ, ನಾನು ಹುಡುಕ್ತೀನಿ. ಒಂದು ಸಲ ಇಡೀ ಬಸ್ಸನ್ನೇ ಹುಡುಕಿದ್ದೆ. ಯಾರೋ ಅದರೊಳಗೆ ಕೋಳಿ ಸಾಕಿದ್ದರು. ಕೋಳಿಗಳು ಸೀಟ್ ಬಿಟ್ಟು ಏಳೋಕೆ ಒಪ್ಪಲಿಲ್ಲ!

ಮನೇಲಿ ನಾನು, ನನ್ನ ತಮ್ಮ, ಇಬ್ಬರೇ. ತಮ್ಮ ಕಾರ್ಖಾನೆಯಲ್ಲಿ ಪ್ರೆಸ್ ಮಷೀನ್ ಆಪರೇಟರ್ ಆಗಿದ್ದ. ಮಷೀನು ಅವನ ಎಡಗೈಯ ಮೂರು ಬೆರಳು ನುಂಗಿತು. ಆಸ್ಪತ್ರೆಯಿಂದ ಬಂದವನು ರೂಮಿನ ಬಾಗಿಲು ಹಾಕಿಕೊಂಡ.

ಊಟಕ್ಕೆ ಕರೆದರೆ, “ಆಮೇಲೆ.”

ಗಡ್ಡ ಬೋಳಿಸ್ಕೊಳೋ ಅಂದರೆ, “ಆಮೇಲೆ.”

ನಾನು ಚಾಕು ತೋರಿಸಿದವರ ಮುಂದೆ ನಕ್ಕವಳು. ಆದರೆ ಆ “ಆಮೇಲೆ” ಕೇಳಿದರೆ ಮಾತ್ರ ನನಗೆ ಭಯವಾಗುತ್ತಿತ್ತು.

ಒಂದು ದಿನ ಯಾವುದೋ ಕಳ್ಳ ಕಾರಿನ ಬೆನ್ನು ಹತ್ತಿ ಗುಜರಿ ಅಂಗಡಿಗೆ ಹೋಗಿದ್ದೆ. ಕಾರು ಸಿಗಲಿಲ್ಲ. ಹಳೇ ವಾಷಿಂಗ್ ಮಷೀನುಗಳ ಗುಡ್ಡೆಯ ಅಡಿಯಲ್ಲಿ ಈ ಬೈಕ್ ಸಿಕ್ಕಿತು. ಬೈಕ್ ಅನ್ನೋದು ಮರ್ಯಾದೆಯ ಮಾತು. ಫ್ರೇಮು, ಇಂಜಿನ್ನು, ಎರಡು ಸೊಟ್ಟ ಚಕ್ರ… ಮಿಕ್ಕಿದ್ದೆಲ್ಲ ತುಕ್ಕು.

“ಇದನ್ನ ತಗೊಂಡು ಏನ್ಮಾಡ್ತೀರಾ?” ಗುಜರಿಯವನು ಕೇಳಿದ.

“ಓಡಿಸ್ತೀನಿ.”

ಅವನು ಪಾಪ, ನಗು ತಡಕೊಂಡು ಹಳೇ ಕಬ್ಬಿಣದ ರೇಟಿಗೇ ತೂಗಿ ಕೊಟ್ಟ.

ತಮ್ಮನಿಗೆ ಏನೂ ಹೇಳಲಿಲ್ಲ. ಹಿತ್ತಲ ಶೆಡ್ಡಿನಲ್ಲಿ ಗಾಡಿ ನಿಲ್ಲಿಸಿ, ಬೇಕಂತಲೇ ಅಳತೆ ತಪ್ಪಿದ ಸ್ಪ್ಯಾನರ್ ಹಿಡಿದು ನಟ್ ತಿರುವಿದೆ. ಕರಕರ ಸದ್ದು. ಇನ್ನೊಂದು ನಟ್… ಕರಕರ! ಅವನ ಕಿಟಕಿಯ ಕೆಳಗೇ!

ಬಾಗಿಲು ತೆರೆಯಿತು.

“ಅಕ್ಕ, ನಟ್ಟಿನ ತಲೆ ತಿಂದುಹಾಕ್ತಿದೀಯ. ಬಿಡು ಇಲ್ಲಿ!”

ಬಿಟ್ಟೆ. ಅವತ್ತು ಅವನು ಶೆಡ್ಡಿನಲ್ಲೇ ಕೂತು ಊಟ ಮಾಡಿದ.

ಜಾಮ್ ಆಗಿದ್ದ ಇಂಜಿನ್ನಿಗೆ ಡೀಸೆಲ್ ಕುಡಿಸಿ, ಪಿಸ್ಟನ್ ತಾನಾಗಿ ಮಿಸುಕೋವರೆಗೂ ಕಾದೆವು. ಇಂಜಿನ್ ಸಂದಿ ಮುಚ್ಚೋ ಗ್ಯಾಸ್ಕೆಟ್ ಶೀಟ್‌ಗೆ ದುಡ್ಡಿರಲಿಲ್ಲ, ಶೂ ಡಬ್ಬದ ರಟ್ಟು ಕತ್ತರಿಸಿ ಗ್ರೀಸ್ ಹಚ್ಚಿ ಕೂರಿಸಿದ. ಎಣ್ಣೆ ಡ್ರಮ್ಮಿನ ತಗಡು ಬಾಗಿಸಿ ಮಡ್‌ಗಾರ್ಡ್. ಬಣ್ಣ ಹೊಡೆದಿದ್ದು ಸೊಳ್ಳೆ ಔಷಧಿ ಪಂಪಿನಲ್ಲಿ! ಬಣ್ಣ ಅಲ್ಲಲ್ಲಿ ಸೊಳ್ಳೆ ಕಡಿದ ಹಾಗೇ ಬಂತು.

ಒಂದೇ ತೊಡಕು… ಕ್ಲಚ್. ಎರಡು ಬೆರಳಲ್ಲಿ ಆ ಲಿವರ್ ಅದುಮೋಕಾಗಲ್ಲ. ತಮ್ಮ ಅದನ್ನೇ ದಿಟ್ಟಿಸಿಕೊಂಡು ಕೂತ. ಮುಖ ಮತ್ತೆ ರೂಮಿನ ಕಡೆ ತಿರುಗೋ ಹಾಗಿತ್ತು.

“ಕಾರಲ್ಲಿ ಕ್ಲಚ್ ಎಲ್ಲಿರುತ್ತೋ?” ಅಂದೆ.

ಅವನು ನನ್ನನ್ನ ನೋಡಿದ. ಎದ್ದ. ಸಂಜೆಯೊಳಗೆ ಗುಜರಿ ಕಾರಿನ ಪೆಡಲ್ ಬೈಕಿನ ಎಡಗಾಲಿಗೆ ಬಂದಿತ್ತು. ಅಲ್ಲಿದ್ದ ಹಿಂದಿನ ಬ್ರೇಕು ಬಲಗೈಗೆ ಹೋಯ್ತು. ಗೇರ್ ಮೊದಲಿಂದಲೂ ಬಲಗಾಲಿಗೇ. ಪ್ರಪಂಚದಲ್ಲಿ ಅವನೊಬ್ಬನೇ ಸಲೀಸಾಗಿ ಓಡಿಸಬಹುದಾದ ಗಾಡಿ!

ಆಮೇಲೆ ಹ್ಯಾಂಡಲ್ ಕೆಳಗೆ, ಫ್ರೇಮಿನ ಕುತ್ತಿಗೆಯ ಮೇಲಿನ ಹಳೇ ಬಣ್ಣ ಉಜ್ಜಿದಾಗ ನಂಬರ್ ಕಾಣಿಸಿತು. ತಮ್ಮ ಅದರ ಫೋಟೋ ತೆಗೆದು ಹಳೇ ಬೈಕಿನವರ ವಾಟ್ಸಾಪ್ ಗ್ರೂಪಿಗೆ ಹಾಕಿದ. ‘ಇದು ಯಾವ ಇಸವಿಯದು, ಯಾರಾದರೂ ಹೇಳ್ತೀರಾ?’

ಇಸವಿ ಯಾರೂ ಹೇಳಲಿಲ್ಲ. ಮಾರನೇ ದಿನ ಅದೇ ಗ್ರೂಪಿನ ಕ್ರೋಮ್ ಮನೆ ಹುಡುಕಿಕೊಂಡು ಬಂದ.

ಹಳೇ ಬೈಕುಗಳನ್ನ ಹೊಸದಾಗಿ ಮಾಡಿ ಶ್ರೀಮಂತರಿಗೆ ಮಾರೋದು ಅವನ ದಂಧೆ. ಶೂ ಹೊಳಪು, ವಾಚ್ ಹೊಳಪು, ಹಲ್ಲೂ ಹೊಳಪು… ಆ ಹೆಸರು ಅವನಿಗೆ ಸುಮ್ಮನೆ ಬಂದಿರಲಿಲ್ಲ. ಹಿಂದೆ ಗೂಳಿ ನಿಂತಿದ್ದ.

“ನಮಸ್ಕಾರ ಮೇಡಂ. ನಿಮ್ಮ ಗಾಡಿ ಫ್ರೇಮ್ ನನಗೆ ಬೇಕಿತ್ತು.”

“ಇಂಜಿನ್?”

“ಬೇಡ.”

“ಗೇರ್ ಬಾಕ್ಸ್?”

“ಬೇಡ ಮೇಡಂ. ಬರೀ ಫ್ರೇಮ್ ಸಾಕು! ಬದಲಿಗೆ ಶೋರೂಮಿನಿಂದ ಹೊಸ ಬೈಕ್ ತಂದು ನಿಮ್ಮ ಬಾಗಿಲಲ್ಲಿ ನಿಲ್ಲಿಸ್ತೀನಿ.”

ನನ್ನ ಕಿವಿ ನೆಟ್ಟಗಾಯ್ತು. ಬಾಳೆಹಣ್ಣು ಬಿಟ್ಟು ಸಿಪ್ಪೆ ಕೇಳಿದ ಹಾಗಿತ್ತು!

“ಕೊಡಲ್ಲ,” ಅಂದ ತಮ್ಮ, ತಲೆ ಎತ್ತದೆ.

ಕ್ರೋಮ್ ಅವನ ಎಡಗೈ ನೋಡಿದ. ಹಲ್ಲು ಹೊಳೆಯಿತು.

“ಬಲಗೈ ಇನ್ನೂ ಚೆನ್ನಾಗಿದೆಯಲ್ಲ? ಜೋಪಾನ ಕಣಪ್ಪ.”

“ನನಗೆ ಎರಡೂ ಚೆನ್ನಾಗಿವೆ,” ಅಂದೆ. “ಹೋಗ್ತೀರಾ… ಇಲ್ಲ ತೋರಿಸ್ಲಾ?”

ಹೋದ. ನಗ್ತಾನೇ ಹೋದ. ನಗ್ತಾ ಹೋಗೋರು ವಾಪಸ್ ಬರ್ತಾರೆ… ನನ್ನ ಕಸುಬಿನಲ್ಲಿ ಅದು ಮಾಮೂಲು.

ಅದೇ ಗ್ರೂಪಿನಲ್ಲಿ ಭಾನುವಾರದ ಹಳೇ ಬೈಕುಗಳ ಶೋ ಬಗ್ಗೆ ಪೋಸ್ಟರ್ ಇತ್ತು. ನಡುವೆ ನಮ್ಮ ಗಾಡಿಯದೇ ಮಾಡೆಲ್, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ರೆಡಿ ಮಾಡಿದವನು ಕ್ರೋಮ್. ಕೊಂಡವರು ಒಬ್ಬ ಡಾಕ್ಟರು. ಅವರ ನಂಬರ್ ಹುಡುಕಿ ಫೋನ್ ಮಾಡಿದೆ.

“ಡಾಕ್ಟ್ರೇ, ಶೋ ಆಫೀಸಿಂದ ಮಾತಾಡ್ತಿರೋದು. ನಿಮ್ಮ ಗಾಡಿಯ ಫ್ರೇಮ್ ನಂಬರ್ ಬೇಕಿತ್ತು.” ಸುಳ್ಳು ಹೇಳುವಾಗ ನನ್ನ ಗಂಟಲು ಇನ್ನೂ ಇಂಪಾಗುತ್ತೆ.

“ಬಾಯಿಪಾಠ ಬರುತ್ತೆ ತಾಯಿ! ಮಕ್ಕಳ ಹುಟ್ಟಿದ ದಿನ ಮರೆತೇನು, ಇದನ್ನ ಮರೆಯಲ್ಲ!”

ಒಂದೊಂದೇ ಅಂಕಿ ಹೇಳಿದರು. ತಮ್ಮ ಟಾರ್ಚ್ ಹಿಡಿದು ನಮ್ಮ ಫ್ರೇಮಿನ ಮೇಲೆ ಬೆರಳಾಡಿಸುತ್ತಾ ಹೋದ. ಕೊನೇ ಅಂಕಿಗೆ ಅವನ ಬೆರಳು ನಿಂತಿತು. ನನ್ನನ್ನ ನೋಡಿ ತಲೆ ಆಡಿಸಿದ.

ಅದೇ ನಂಬರ್!

ವಿಷಯ ಸ್ಪಷ್ಟ. ಗುಜರಿ ಸೇರಿದ ಗಾಡಿಗಳ ನಂಬರ್ ಹುಡುಕಿ, ಹೊಸ ಪೈಪಿನ ಫ್ರೇಮಿಗೆ ಕುಟ್ಟಿ, ಅಸಲಿ ಅಂತ ಮಾರೋದು ಕ್ರೋಮ್ ದಂಧೆ. ಅಸಲಿ ಕರಗಿಹೋಗಿದೆ ಅಂತ ಅವನು ನಿಶ್ಚಿಂತೆಯಾಗಿದ್ದ. ಅಸಲಿ ನಮ್ಮ ಶೆಡ್ಡಿನಲ್ಲಿತ್ತು!

“ಮುಂದಿನ ವಾರ ಹೆಂಡತೀನ ಕೂರಿಸ್ಕೊಂಡು ಹೈವೇನಲ್ಲಿ ಲಾಂಗ್ ರೈಡ್ ಹೋಗ್ತಿದೀನಿ,” ಡಾಕ್ಟರು ಇನ್ನೂ ಹೇಳುತ್ತಲೇ ಇದ್ದರು.

ಫೋನಿನಲ್ಲಿ ಹೇಳಿದರೆ ನಂಬುತ್ತಿರಲಿಲ್ಲ, ನೇರ ಕ್ರೋಮ್‌ನನ್ನೇ ಕೇಳುತ್ತಿದ್ದರು. ಗಾಡಿ ಕಣ್ಣೆದುರು ನಿಲ್ಲಿಸಲೇಬೇಕು. ಶನಿವಾರ ಇಂಜಿನ್ ಮೊದಲ ಸಲ ಕೆಮ್ಮಿತು, ಉಗುಳಿತು, ಸ್ಟಾರ್ಟ್ ಆಯ್ತು. ತಮ್ಮ ಕುಣಿದಾಡಿಬಿಟ್ಟ.

ಭಾನುವಾರ ಬೆಳಿಗ್ಗೆ ಗಾಡಿ ಸಾಗಿಸೋಕೆ ಟೆಂಪೋಗೆ ಹೇಳಿದ್ದೆವು. ಟೆಂಪೋಗಿಂತ ಮೊದಲು ಬಿಳಿ ವ್ಯಾನ್ ಬಂತು.

ತಮ್ಮ ಶೆಡ್ಡಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಹೊರಗಿಂದ ಗೂಳಿ ಗುದ್ದುತ್ತಿದ್ದ.

“ಅಕ್ಕ, ಹಿಂದಿನ ಗೇಟಿಂದ ಹೊರಡು!”

“ನೀನು?”

“ಅವರಿಗೆ ಬೇಕಿರೋದು ಗಾಡಿ ಕಣೇ! ಹೋಗು!”

ಹೊರಟೆ. ಅವನು ಹೇಳಿದ್ದು ಸರಿ. ನಾನು ರಸ್ತೆಗೆ ಬೀಳುತ್ತಿದ್ದ ಹಾಗೇ ಗೂಳಿ ಶೆಡ್ ಬಿಟ್ಟು ವ್ಯಾನಿನ ಡ್ರೈವರ್ ಪಕ್ಕ ಹತ್ತಿ ಕೂತ.

ಸರಿ… ಇಳಿಜಾರಿಗೆ ಬಂದೆವು!

ಬಲಗೈ ಲಿವರ್ ಅದುಮಿದೆ. ಹಿಂದಿನ ಚಕ್ರ ಕಿರ್ ಅಂದಿತು, ನಿಲ್ಲಲಿಲ್ಲ. ಎದುರಿಗೆ ಸರ್ಕಲ್, ಅದರ ತುಂಬ ಸೈಕಲ್‌ಗಳು. ಎಡಕ್ಕೆ ಒಂದು ಗಲ್ಲಿ. ತಿರುಗಿಸಿದೆ!

ಒಣಗೋಕೆ ಹಾಕಿದ್ದ ಬೆಡ್‌ಶೀಟ್ ಮುಖಕ್ಕೆ ಬಡಿಯಿತು. ಕಿತ್ತು ಎಸೆದೆ. ಗೇರ್ ಇಳಿಸೋಣ ಅಂತ ಎಡಗೈಯಲ್ಲಿ ಕ್ಲಚ್ ಹುಡುಕಿದೆ… ಅಲ್ಲಿ ಏನಿದೆ, ಮಣ್ಣು! ಕ್ಲಚ್ ಕಾಲಲ್ಲಿದೆ ಅಂತ ನೆನಪಾಗೋ ಹೊತ್ತಿಗೆ ಗಾಡಿ ಎರಡು ಸಲ ಜಗ್ಗಿ ಆಫ್ ಆಯ್ತು.

ಸದ್ದಿಲ್ಲ. ಮುಗೀತು!

ವ್ಯಾನ್ ಗಲ್ಲಿಯೊಳಗೆ ನುಗ್ಗಿತು. ಗೂಳಿ ನಗುತ್ತಿದ್ದ. ಗ್ರೈಂಡರ್ ಗೊರ್ ಅಂದಿತು… ಬ್ಯಾಟರಿಯದು, ನೋಡಿ. ಆಧುನಿಕ ರೌಡಿ!

ಆದರೆ ಆ ಗಲ್ಲಿ ಒಳಹೋದ ಹಾಗೆ ಕಿರಿದಾಗುತ್ತಾ ಹೋಗುತ್ತೆ. ವ್ಯಾನಿನ ಕನ್ನಡಿ ಮೊದಲು ಹೋಯ್ತು. ಆಮೇಲೆ ಎರಡೂ ಪಕ್ಕದ ಗೋಡೆಗೆ ತಗಡು ಕಚ್ಚಿಕೊಂಡು ನಿಂತಿತು.

ಗೂಳಿ ಬಾಗಿಲು ತಳ್ಳಿದ. ಅಂಗೈ ಅಗಲವೂ ತೆರೆಯಲಿಲ್ಲ. ಕಿಟಕಿಯಿಂದ ಇಳಿಯೋಣ ಅಂದರೆ ಮುಂದೆ ಗೋಡೆ.

“ಏಯ್… ಒಂಚೂರು ತಳ್ಳಿ ಕೊಡಕ್ಕಾ!”

“ಆಮೇಲೆ,” ಅಂದೆ.

ಗಾಡಿ ದೂಡಿಕೊಂಡು ಓಡಿದೆ, ಹತ್ತಿದೆ, ಈ ಸಲ ಎಡಗಾಲಲ್ಲೇ ಕ್ಲಚ್ ಒತ್ತಿ ಬಿಟ್ಟೆ. ಢಂ! ಸ್ಟಾರ್ಟ್!

ಶೋ ಮೈದಾನಕ್ಕೆ ನಾನು ಕಾಲಿಟ್ಟಾಗ ಸೈಲೆನ್ಸರ್ ಪಟಪಟ ಹೊಡೆಯುತ್ತಿತ್ತು. ಜನ ಎರಡೂ ಕಡೆ ಸರಿದರು. ಎರಡೂ ಕಾಲು ನೆಲಕ್ಕೆ ಉಜ್ಜಿಕೊಂಡು ನೇರ ಡಾಕ್ಟರ ಗಾಡಿ ಪಕ್ಕ ಹೋಗಿ ನಿಲ್ಲಿಸಿದೆ. ಚಪ್ಪಲಿ ಅಲ್ಲೇ ತೀರಿಕೊಂಡಿತು.

ಕ್ರೋಮ್ ಮುಖದ ಹೊಳಪು ಹೋಯ್ತು.

“ಇದೇನಮ್ಮ ಇದು?” ಡಾಕ್ಟರು ಕೇಳಿದರು. ಬೆಳ್ಳನೆ ಮೀಸೆ, ದೊಡ್ಡ ಕೈಗಳು.

“ನಿಮ್ಮ ಗಾಡಿ ನಂಬರೇ ಡಾಕ್ಟ್ರೇ. ಓದ್ಕೊಳ್ಳಿ.”

ಬಗ್ಗಿದರು. ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು.

“ಡೂಪ್ಲಿಕೇಟ್!” ಕ್ರೋಮ್ ಮುಂದೆ ಬಂದ. “ಈ ಗುಜರಿ ಮಾಲಿಗೆ ನಂಬರ್ ಕುಟ್ಕೊಂಡು ಬಂದಿದಾಳೆ ಸಾರ್! ಪೊಲೀಸ್‌ಗೆ ಕೊಡಿ!”

ಗೇಟಿನ ಹತ್ತಿರ ಪೊಲೀಸಿನವರು ಇದ್ದೇ ಇದ್ದರು. ನಾನು ಜೇಬಿನಿಂದ ಉಪ್ಪುಕಾಗದ ತೆಗೆದೆ.

“ಆ ಕಾಲದಲ್ಲಿ ಫ್ರೇಮಿಗೆ ವೆಲ್ಡಿಂಗ್ ಮಾಡ್ತಿರಲಿಲ್ಲ ಡಾಕ್ಟ್ರೇ. ಎರಕದ ಕಬ್ಬಿಣದ ಕೊಳವೆಯೊಳಗೆ ಪೈಪ್ ತೂರಿಸಿ, ಹಿತ್ತಾಳೆ ಕರಗಿಸಿ ಕೂಡಿಸ್ತಿದ್ದರು. ಉಜ್ಜಿದರೆ ಹಳದಿ ಗೆರೆ ಕಾಣಬೇಕು.” ನಮ್ಮ ಗಾಡಿಯ ಕುತ್ತಿಗೆ ಉಜ್ಜಿದೆ. ಹಳದಿ ಗೆರೆ. “ಈಗ ನಿಮ್ಮದು ಉಜ್ಜಲಾ?”

“ಪೇಂಟ್ ಮುಟ್ಟಬೇಡಿ!” ಕ್ರೋಮ್ ಧ್ವನಿ ಕೀರಲಾಯ್ತು. “ಸಾರ್, ಫಾರಿನ್ ಪೇಂಟ್ ಅದು!”

ಡಾಕ್ಟರು ಗಾಡಿ ನೋಡಿದರು. ಟ್ಯಾಂಕ್ ಸವರಿದರು. ಪ್ರೀತಿಸಿದ್ದನ್ನ ಗೀಚೋಕೆ ಯಾರಿಗೆ ಮನಸ್ಸು ಬರುತ್ತೆ?

“ನಾನು ಮೂಳೆ ಡಾಕ್ಟರು,” ಅಂದರು ಕೊನೆಗೆ. “ಚರ್ಮ ನೋಡಿ ಏನೂ ಹೇಳೋನಲ್ಲ. ಕೊಡಮ್ಮ, ನಾನೇ ಉಜ್ತೀನಿ.”

ಉಜ್ಜಿದರು. ಕಪ್ಪು ಬಣ್ಣ ಹೋಯ್ತು. ಬಿಳೀ ಪುಡಿ ಉದುರಿತು. ಒರಟು ಮುಚ್ಚೋ ಪುಟ್ಟಿ! ಅದರ ಕೆಳಗೆ ಸೊಟ್ಟಂಬಟ್ಟ ವೆಲ್ಡಿಂಗ್. ಹಿತ್ತಾಳೆಯ ಹಳದಿ ಎಲ್ಲೂ ಇಲ್ಲ.

“ನನ್ನ ಹೆಂಡತಿ ಇದರ ಮೇಲೆ ಕೂರೋಳಿದ್ದಳು,” ಅಂದರು. ಮೆಲ್ಲಗೇ ಅಂದರು. ಕೂಗಿದ್ದರೆ ಅಷ್ಟು ಭಯ ಆಗುತ್ತಿರಲಿಲ್ಲ.

ಕ್ರೋಮ್ ಒಂದೇ ನೆಗೆತಕ್ಕೆ ಡಾಕ್ಟರ ಗಾಡಿ ಹತ್ತಿ, ಕಿಕ್ ಹೊಡೆದು ಗೇಟಿನ ಕಡೆ ಹಾರಿಸಿದ!

“ಹಿಡೀರಿ!” ಯಾರೋ ಕೂಗಿದರು.

ನಾನು ಅಲುಗಾಡಲಿಲ್ಲ. ಗೇಟಿನಲ್ಲಿ ದೊಡ್ಡ ಹಂಪ್ ಇತ್ತು. ಬರುವಾಗ ನನ್ನ ಸೊಂಟಕ್ಕೆ ಅದರ ಪರಿಚಯ ಆಗಿತ್ತು.

ಟಣ್!

ಫ್ರೇಮಿನ ಕುತ್ತಿಗೆ ಕಳಚಿತು. ಮುಂದಿನ ಚಕ್ರ, ಹ್ಯಾಂಡಲ್, ಹೆಡ್‌ಲೈಟ್ ಎಲ್ಲ ಒಟ್ಟಾಗಿ ಪಾರ್ಕಿಂಗ್ ಕಡೆ ಹೊರಟವು. ಮಿಕ್ಕ ಗಾಡಿ ಅಲ್ಲೇ ಮಲಗಿತು. ಕ್ರೋಮ್ ಮಾತ್ರ ಗಾಳಿಯಲ್ಲಿ ಸ್ವಲ್ಪ ದೂರ ಹೋಗಿ, ಪೊಲೀಸಿನವರ ಬೂಟಿನ ಬುಡಕ್ಕೇ ಬಂದು ಬಿದ್ದ. ಭುಜದ ಮೂಳೆ ಮುರಿದಿತ್ತು.

ಡಾಕ್ಟರು ನಿಧಾನಕ್ಕೆ ನಡೆದು ಬಂದು, ಪಕ್ಕದಲ್ಲಿ ಕೂತು, ಅವನ ಕೈ ಎತ್ತಿ ಎದೆಗೆ ಕಟ್ಟಿದರು.

“ಅಯ್ಯೋ! ಸಾರ್, ನೋವು!”

“ಅಳಬೇಡಪ್ಪ. ನಾನು ಪುಟ್ಟಿ ಹಚ್ಚೋನಲ್ಲ.”

ಆಮೇಲೆ ನನ್ನ ಕಡೆ ತಿರುಗಿದರು. “ಫ್ರೇಮ್ ಅಲ್ಲದೆ ಮಿಕ್ಕ ಪಾರ್ಟ್ಸ್ ಅಸಲಿ ತಾನೇ?”

“ಕಾರ್ಬುರೇಟರ್, ಸೀಟು, ಬ್ರೇಕು… ಎಲ್ಲ ಅಸಲಿ ಡಾಕ್ಟ್ರೇ.”

“ಪೊಲೀಸರು ಬಿಟ್ಟ ಮೇಲೆ ನೀವೇ ಇಟ್ಕೊಳ್ಳಿ. ನನಗೆ ನೋಡೋಕಾಗಲ್ಲ.”

ಅಷ್ಟರಲ್ಲಿ ತಮ್ಮ ಬಂದ. ಅಂಗಿ ಹರಿದಿತ್ತು. ಯಾವುದೋ ಸೈಕಲ್ ತುಳಿದುಕೊಂಡು, ಬೆವರು ಸುರಿಸುತ್ತಾ ಬಂದ. ನನ್ನನ್ನ ಮೇಲಿಂದ ಕೆಳಗೆ ನೋಡಿದ, ಆಮೇಲೆ ಗಾಡಿಯನ್ನ. ಗಾಡಿಯನ್ನ ನೋಡಿದ್ದೇ ಜಾಸ್ತಿ.

“ಓಡ್ತಾ?”

“ನಿಲ್ಲೋದೇ ಕಷ್ಟ. ಓಡೋದೇನೂ ಕಷ್ಟ ಇಲ್ಲ.”

ಅವನು ಗೋಣಿಚೀಲ ಸರಿಮಾಡಿ ಕೂತ. ಎಡಗೈಯ ಎರಡು ಬೆರಳು ಹ್ಯಾಂಡಲ್ ಹಿಡಿದವು. ಎಡಗಾಲು ಒತ್ತಿದ, ಬಲಗಾಲಲ್ಲಿ ಗೇರ್ ಹಾಕಿದ. ಒಂದು ಜಗ್ಗು ಇಲ್ಲ, ಒಂದು ಕೆಮ್ಮು ಇಲ್ಲ… ಬೆಣ್ಣೆ ಜಾರಿದ ಹಾಗೆ ಹೊರಟ. ಮೈದಾನಕ್ಕೆ ಒಂದು ಸುತ್ತು. ಇನ್ನೊಂದು ಸುತ್ತು. ಹಲ್ಲು ಬಿಟ್ಟುಕೊಂಡು, ಬಾಯಿ ಮುಚ್ಚೋದೇ ಮರೆತವನ ಹಾಗೆ.

ನನ್ನ ಕಣ್ಣಿಗೆ ಏನೋ ಬಿತ್ತು. ಪುಟ್ಟಿ ಪುಡಿ ಇರಬೇಕು.

ಮೂರನೇ ಸುತ್ತಿಗೆ ಗೇಟ್ ದಾಟಿ ರಸ್ತೆಗೇ ಇಳಿದ!

“ಲೋ! ನಾನು ಹೇಗೋ ಬರಲಿ?”

“ಸೈಕಲ್ ಇದೆಯಲ್ಲಕ್ಕಾ!”

“ಯಾರದೋ ಇದು?”

“ಗೊತ್ತಿಲ್ಲ! ಬೀಗ ಹಾಕಿರಲಿಲ್ಲ, ತಂದೆ!”

ಹೊಗೆ ಬಿಟ್ಟು ಮಾಯವಾದ.

ಹಾಗೆ ಆ ಸಂಜೆ, ಬರಿಗಾಲಲ್ಲಿ, ಕದ್ದ ಸೈಕಲ್ ತಳ್ಳಿಕೊಂಡು ಅದರ ವಾರಸುದಾರನನ್ನ ಬೀದಿಬೀದಿ ಹುಡುಕಿದೆ… ಸಿಕ್ಕ ಆ ಪುಣ್ಯಾತ್ಮ, ಚಕ್ರದಲ್ಲಿ ಗಾಳಿ ಕಮ್ಮಿಯಾಗಿದೆ ಅಂತ ನನಗೇ ಬೈದ!