ಹಸಿರು ದೀಪ, ತಾತನ ಕುರ್ಚಿ

“ಚೂಟೀ! ಮತ್ತೆ ನೀನೇ ಏನೋ ಒತ್ತಿದ್ಯಾ?”

ಅಮ್ಮನ ಕೂಗಿಗೆ ಚೂಟಿ ಹೋಮ್‌ವರ್ಕ್ ಬಿಟ್ಟು ಒಳರೂಮಿಗೆ ಓಡಿದಳು. ಮೇಜಿನ ಮೇಲಿದ್ದ ಕಪ್ಪು ಡಬ್ಬಿಯ ಹಸಿರು ದೀಪ ಆರಿತ್ತು. ಡಬ್ಬಿ ಮತ್ತೆ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿತ್ತು!

ಅದು ಅವರ ಮನೆಯ ಸರ್ವರ್. ಅಮ್ಮ ಫೋಟೊಗ್ರಾಫರ್. ಅವಳು ತೆಗೆದ ಫೋಟೊಗಳೆಲ್ಲ ಆ ಡಬ್ಬಿಯ ಹೊಟ್ಟೆಯೊಳಗೆ ಜೋಪಾನವಾಗಿ ಇರುತ್ತಿದ್ದವು. ಡಬ್ಬಿ ಮನೆಗೆ ಬಂದ ದಿನ ಅದರೊಳಗೆ ಡಿಸ್ಕ್ ಕೂರಿಸಿ ಸ್ಕ್ರೂ ಬಿಗಿ ಮಾಡಿದವಳು ಯಾರು ಗೊತ್ತೇ? ಚೂಟಿ! ಆ ಸುದ್ದಿಯನ್ನು ಕ್ಲಾಸಿನಲ್ಲಿ ಕೇಳದೇ ಇದ್ದವರು ಯಾರೂ ಉಳಿದಿರಲಿಲ್ಲ.

“ನಾನು ಮುಟ್ಟೇ ಇಲ್ಲಮ್ಮಾ!”

“ಹಾಗಾದ್ರೆ ಅದಕ್ಕೇನು ದೆವ್ವ ಹಿಡಿದಿದ್ಯಾ? ನಾಳೆ ಬೆಳಿಗ್ಗೆ ಫೋಟೊ ಕೊಡ್ಬೇಕು. ಅರ್ಧ ಕಾಪಿ ಆಗೋಷ್ಟರಲ್ಲಿ ನಿಂತ್ಹೋಗತ್ತೆ. ಇನ್ಮೇಲೆ ನೀನು ಇದರ ಹತ್ರ ಬರ್ಬೇಡ.”

ಚೂಟಿ ಬೈಗುಳವನ್ನಾದರೂ ತಡೆದುಕೊಳ್ಳಬಹುದಿತ್ತು. ‘ಹತ್ರ ಬರ್ಬೇಡ’ ಅಂದದ್ದು ಮಾತ್ರ ಚುಚ್ಚಿತು.

ಅಮ್ಮ ರಿಪೇರಿ ಅಂಕಲ್‌ಗೆ ಫೋನ್ ಮಾಡಿದಳು.

“ಕರೆಂಟ್ ಹೋಗಿತ್ತು ಅಂತ ಡಬ್ಬಿ ತೋರಿಸ್ತಿದೆ. ಆದ್ರೆ ಇಲ್ಲಿ ಫ್ಯಾನ್ ತಿರುಗ್ತಾನೇ ಇತ್ತು!”

“ಹಾಗಾದ್ರೆ ಒಳಗೇ ಏನೋ ಕೆಟ್ಟಿದೆ, ಮೇಡಂ. ತಂದ್ಕೊಡಿ, ಒಂದು ವಾರ ಆಗತ್ತೆ.”

ಅಮ್ಮ ತಲೆ ಮೇಲೆ ಕೈಹೊತ್ತು ಕೂತಳು. ಡಬ್ಬಿಯ ಹತ್ತಿರ ಹೋಗಬಾರದಲ್ಲ? ಚೂಟಿ ಬಾಗಿಲಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ಡಬ್ಬಿಯನ್ನು ಕಣ್ಣು ಮಿಟುಕಿಸದೆ ನೋಡತೊಡಗಿದಳು.

ಅವಳ ಬೆನ್ನ ಹಿಂದೆ, ಹಾಲ್‌ನಲ್ಲಿ, ತಾತ ಪಕ್ಕದ ಮನೆಯವರಿಗೆ ತಮ್ಮ ಸೈಕಲ್ ಕತೆ ಹೇಳುತ್ತಿದ್ದರು. ಒಮ್ಮೆ ಅವರು ಮೈಮರೆತು ಬೇರೆ ಯಾರದ್ದೋ ಸೈಕಲ್ ಹತ್ತಿ ಹೊರಟಿದ್ದರಂತೆ.

“ಹಿಂದಿನಿಂದ ಯಾರೋ ‘ಕಳ್ಳ, ಕಳ್ಳ’ ಅಂತ ಕೂಗಿದ್ರು. ಕಳ್ಳ ಮುಂದೆ ಓಡ್ತಿದ್ದಾನೆ ಅಂದ್ಕೊಂಡು ನಾನೂ ‘ಕಳ್ಳ, ಕಳ್ಳ’ ಅಂತ ಕೂಗ್ತಾ ಇನ್ನೂ ಜೋರಾಗಿ ತುಳಿದೆ!”

ತಾತ ತಮ್ಮ ಕತೆಗೆ ತಾವೇ ಎಲ್ಲರಿಗಿಂತ ಮೊದಲು ನಗುವವರು. ಹೊಟ್ಟೆ ಹಿಡಿದುಕೊಂಡು ಹಿಂದಕ್ಕೆ ವಾಲಿದರು. ಕುರ್ಚಿ ಗೋಡೆಗೆ ಬಡಿಯಿತು. ದಢ್!

ಒಳಗೆ ಹಸಿರು ದೀಪ ಆರಿತು.

ಚೂಟಿಯ ಕಣ್ಣು ಅರಳಿತು. ಎರಡು ರೂಮಿಗೂ ಅದೊಂದೇ ಗೋಡೆ! ಡಬ್ಬಿಯ ಪ್ಲಗ್ ಇದ್ದದ್ದೂ ಅದೇ ಗೋಡೆಯಲ್ಲಿ. ಅವಳು ದೀಪ ಮತ್ತೆ ಹತ್ತುವವರೆಗೆ ಕಾದಳು.

“ತಾತಾ, ಇನ್ನೊಂದ್ಸಲ ಹೇಳು!”

ತಾತನಿಗೆ ಅಷ್ಟು ಸಾಕು. ಕತೆ, ನಗು, ದಢ್! ದೀಪ ಆರಿತು.

ಆಮೇಲೆ ಕುರ್ಚಿಯನ್ನು ಗೋಡೆಯಿಂದ ದೂರ ಎಳೆದು ಮತ್ತೆ ಹೇಳಿಸಿದಳು. ತಾತ ಅಷ್ಟೇ ಜೋರಾಗಿ ನಕ್ಕರು. ದೀಪ ಆರಲಿಲ್ಲ.

“ಅಮ್ಮಾ, ಪ್ಲಗ್ ನೋಡು!”

ಅಮ್ಮ ಮೇಜಿನ ಕೆಳಗೆ ತೂರಿದಳು. ಪ್ಲಗ್ ಹಾಲುಹಲ್ಲಿನಂತೆ ಲೊಡಲೊಡ ಅಲ್ಲಾಡುತ್ತಿತ್ತು. ಅದನ್ನು ಕಿತ್ತು ಎದುರು ಗೋಡೆಯ ಸಾಕೆಟ್‌ಗೆ ಬಿಗಿಯಾಗಿ ಚುಚ್ಚಿದಳು. ಆಮೇಲೆ ಫೋನ್ ಎತ್ತಿಕೊಂಡಳು.

“ಡಬ್ಬಿ ತರಲ್ಲ ರೀ. ನಮ್ಮ ಮನೆ ಇಂಜಿನಿಯರೇ ಕಂಡುಹಿಡಿದ್ಬಿಟ್ಲು!” ಎಂದವಳು ಚೂಟಿಯ ಕಡೆ ತಿರುಗಿ, “ಸುಮ್‌ಸುಮ್ನೆ ಬೈದ್ಬಿಟ್ಟೆ ಕಣೇ. ಬಾ, ಕಾಪಿ ನೀನೇ ಶುರು ಮಾಡು” ಎಂದಳು.

ಚೂಟಿಯ ಎದೆ ಉಬ್ಬಿತು. ಬಟನ್ ಒತ್ತಿ, ಕೈ ಕಟ್ಟಿಕೊಂಡು, ದೊಡ್ಡ ಇಂಜಿನಿಯರ್ ಹಾಗೆ ಹಾಲ್‌ಗೆ ಬಂದಳು.

ಪಕ್ಕದ ಮನೆಯವರು ಹೊರಟುಹೋಗಿದ್ದರು. ತಾತ ಹಾಲ್‌ನ ನಟ್ಟನಡುವೆ ಕೈಕಾಲು ಮುದುಡಿಕೊಂಡು ಕೂತಿದ್ದರು.

“ನನ್ನಿಂದ ಇಷ್ಟೆಲ್ಲ ರಂಪ ಆಯ್ತಲ್ಲಮ್ಮಾ. ಇನ್ಮೇಲೆ ಇಲ್ಲೇ ಬಾಯಿ ಮುಚ್ಕೊಂಡು ಕೂತಿರ್ತೀನಿ.”

ಚೂಟಿಗೆ ‘ಹತ್ರ ಬರ್ಬೇಡ’ ಅನ್ನಿಸಿಕೊಂಡದ್ದು ನೆನಪಾಯಿತು. ಅವಳು ತಾತನನ್ನು ಎಬ್ಬಿಸಿ, ಕುರ್ಚಿಯನ್ನು ಗೋಡೆಯ ಪಕ್ಕಕ್ಕೇ ಮತ್ತೆ ತಳ್ಳಿದಳು.

“ಕೊನೇ ಟೆಸ್ಟ್ ಬಾಕಿ ಇದೆ ತಾತ. ಕತೆ ಹೇಳು.”

“ಏಯ್, ಕಾಪಿ ಆಗ್ತಿದೆ ಕಣೇ!” ಅಮ್ಮ ಗಾಬರಿಯಾದಳು.

“ಏನೂ ಆಗಲ್ಲಮ್ಮಾ.”

ಅಮ್ಮ ಡಬ್ಬಿಯನ್ನು ನೋಡಿದಳು, ಮಗಳನ್ನು ನೋಡಿದಳು. “ಸರಿ. ಅಪ್ಪಾ, ಹೇಳಿ” ಎಂದಳು.

ತಾತ ಹೆದರಿ ಹೆದರಿ ಶುರು ಮಾಡಿದರು. ಯಾರೋ ‘ಕಳ್ಳ, ಕಳ್ಳ’ ಎಂದು ಕೂಗುವಲ್ಲಿಗೆ ಬರುವಷ್ಟರಲ್ಲಿ ಅವರ ಹೊಟ್ಟೆ ಕುಲುಕತೊಡಗಿತು. ಆಮೇಲೆ ತಡೆಯಲಾಗಲಿಲ್ಲ.

ದಢ್!

“ಆರಿಲ್ಲ! ಚೂಟೀ, ಆರೇ ಇಲ್ಲ!” ಅಮ್ಮ ಒಳಗಿನಿಂದ ಕೂಗಿದಳು.

ಚೂಟಿ ಆ ಕಡೆ ತಿರುಗಿಯೂ ನೋಡಲಿಲ್ಲ. ಅವಳು ತಾತನ ಮುಖವನ್ನೇ ನೋಡುತ್ತಾ ನಿಂತಿದ್ದಳು.